ಲೆಕ್ಕದ ಅಕ್ಕೋರು ತಯಾರಾಗುವ ದಾರಿ

ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿದರೆ ಮೂರೂವರೆ. ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಬೇಕೆಂಬ ಶಾಲೆಯ ಪಾಠ ನೆನಪಿದ್ದವರಿಗೆ ಇದು ಅರೆ ನಿಮಿಷದ ಕೆಲಸ. ಆದರೆ ಇದೇ ಲೆಕ್ಕಕ್ಕೊಂದು ಕತೆ ಕಟ್ಟಿ ಮಗುವಿಗೆ ಅರ್ಥ ಮಾಡಿಸಿ ಎಂದರೆ ಪದವೀಧರರೂ ತಡವರಿಸುತ್ತಾರೆ. ಲಿಪಿಂಗ್ ಮಾ ಎಂಬ ಸಂಶೋಧಕಿ ಚೀನಾ ಮತ್ತು ಅಮೆರಿಕದ ಪ್ರಾಥಮಿಕ ಶಾಲಾ ಶಿಕ್ಷಕರ ಮುಂದೆ ಇಟ್ಟಿದ್ದು ಈ ಪ್ರಶ್ನೆಯನ್ನೇ. 1999ರಲ್ಲಿ ಪ್ರಕಟವಾದ ಅವರ ಪುಸ್ತಕ ಗಣಿತ ಶಿಕ್ಷಣದ ವಲಯದಲ್ಲಿ ಸಂಚಲನ ಉಂಟುಮಾಡಿತು. ಚೀನಾದ 72 ಶಿಕ್ಷಕರೂ ಲೆಕ್ಕವನ್ನು ಸರಿಯಾಗಿ ಬಿಡಿಸಿದ್ದರು. ಅಮೆರಿಕದ 23 ಮಂದಿಯಲ್ಲಿ ಸರಿಯುತ್ತರ ತಲುಪಿದವರು ಅರ್ಧಕ್ಕಿಂತ ಕಡಿಮೆ. ಕತೆ ಕಟ್ಟುವಲ್ಲಂತೂ ಅವರು ಬಹುತೇಕ ಸೋತರು. ಓದಿನ ವರ್ಷಗಳನ್ನು ಎಣಿಸಿದರೆ ಹೆಚ್ಚು ಓದಿದವರು ಅಮೆರಿಕದವರೇ.

ಗಣಿತ ಶಿಕ್ಷಕರಾಗಲು ಎಷ್ಟು ಓದಬೇಕು, ಏನನ್ನು ಓದಬೇಕು ಎಂಬ ಪ್ರಶ್ನೆ ಕುಮಟಾ, ಹೊನ್ನಾವರ, ಭಟ್ಕಳದ ಮನೆಗಳಲ್ಲಿ ಪ್ರತಿ ಮೇ-ಜೂನ್ ತಿಂಗಳಲ್ಲಿ ಏಳುತ್ತದೆ. ಎಂಜಿನಿಯರಿಂಗ್ ಸೀಟಿನ ಗಲಾಟೆಯ ನಡುವೆ ಬಿ.ಎಸ್‌ಸಿ. ಸೇರಿ ‘ಮುಂದೆ ಬಿ.ಎಡ್. ಮಾಡ್ತೇನೆ’ ಎನ್ನುವ ಹುಡುಗಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಊರಿನ ಮಕ್ಕಳ ಬಾಯಲ್ಲಿ ಗಣಿತದ ‘ಅಕ್ಕೋರು’ ಆಗುವವರು ಇವರೇ.

ಅವರ ಅಜ್ಜಂದಿರ ಕಾಲಕ್ಕೆ ಈ ದಾರಿ ಊರಿನಿಂದ ಬಹಳ ದೂರವಿತ್ತು. 1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ ಈ ಉತ್ತರ ಕನ್ನಡ ಜಿಲ್ಲೆಯವರು ಪದವಿ ಬೇಕೆಂದರೆ ಮುಂಬಯಿಗೋ, 1917ರಲ್ಲಿ ಶುರುವಾದ ಧಾರವಾಡದ ಕರ್ನಾಟಕ ಕಾಲೇಜಿಗೋ ಹೋಗಬೇಕಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು. ಮುಂದಿನ ದಶಕಗಳಲ್ಲಿ ಕರಾವಳಿಗೂ ಒಂದರ ಹಿಂದೊಂದು ಕಾಲೇಜುಗಳು ಬಂದವು. ಮುಂಬಯಿಯ ಹೆಸರಾಂತ ಶಸ್ತ್ರವೈದ್ಯರ ಹೆಸರು ಹೊತ್ತ ಕುಮಟಾದ ಡಾ. ಎ. ವಿ. ಬಾಳಿಗಾ ಕಲಾ ಮತ್ತು ವಿಜ್ಞಾನ ಕಾಲೇಜು, ಹೊನ್ನಾವರದ ಎಸ್.ಡಿ.ಎಂ. ಕಾಲೇಜು, 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ನಡೆಸುವ ಭಟ್ಕಳದ ಅಂಜುಮನ್ ಕಾಲೇಜು, ಇವೆಲ್ಲ ಹಾಗೆ ಬಂದವು. ವಾಯವ್ಯ ಸಾರಿಗೆಯ ಬಸ್ ಹತ್ತಿ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳಬಹುದು ಎಂಬ ಒಂದೇ ಅನುಕೂಲ ಎಷ್ಟೋ ಹೆಣ್ಣುಮಕ್ಕಳನ್ನು ಕಲನಶಾಸ್ತ್ರದ ತರಗತಿಯಲ್ಲಿ ಕೂರಿಸಿತು.

ಮೊದಲ ಹಂತ ಬಿ.ಎಸ್‌ಸಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿದ ‘ಪಿಸಿಎಂ’ ಹಳೆಯ ಜೋಡಣೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವರನ್ನು ಶಿಕ್ಷಣ ಇಲಾಖೆಯಲ್ಲಿ ‘ಪಿಸಿಎಂ ಶಿಕ್ಷಕರು’ ಎಂದೇ ಕರೆಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಈ ಹಂತ ಏರುಪೇರಾಗಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಕಾಲೇಜುಗಳಲ್ಲಿ ಎಲ್ಲರಿಗಿಂತ ಮೊದಲು, 2021-22ರಲ್ಲಿ, ಜಾರಿಗೆ ತಂದದ್ದು ಕರ್ನಾಟಕ. ಮೂರು ವರ್ಷಕ್ಕೆ ಪದವಿ, ನಾಲ್ಕನೆಯ ವರ್ಷವನ್ನೂ ಓದಿದರೆ ಆನರ್ಸ್. ಯುಜಿಸಿ ಚೌಕಟ್ಟಿನ ಪ್ರಕಾರ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್, ಆನರ್ಸ್‌ಗೆ 160. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ 12 ಕ್ರೆಡಿಟ್‌ನ ಸಂಶೋಧನಾ ಪ್ರಬಂಧ ಬರೆದು ‘ಸಂಶೋಧನೆಯೊಂದಿಗೆ ಆನರ್ಸ್’ ಪಡೆಯಬಹುದು. ಪ್ರೊ. ಸುಖದೇವ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂದ ಮೇಲೆ, 2024ರ ಮೇ ತಿಂಗಳಲ್ಲಿ ಸರ್ಕಾರ ಮೂರು ವರ್ಷದ ಪದವಿಗೇ ಮರಳಿತು. ನಡುವಿನ ಮೂರು ಬ್ಯಾಚುಗಳಿಗೆ ಮಾತ್ರ ನಾಲ್ಕನೆಯ ವರ್ಷದ ಬಾಗಿಲು ತೆರೆದಿಟ್ಟಿತು.

ಆ ನಾಲ್ಕನೆಯ ವರ್ಷ ಶಿಕ್ಷಕಿಯಾಗುವವಳಿಗೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಒಂಬತ್ತನೆಯ ತರಗತಿಯ ಒಂದು ಪ್ರಸಿದ್ಧ ಪ್ರಶ್ನೆಯನ್ನೇ ನೋಡಬಹುದು. 0.999… ಎಂದು ಕೊನೆಯಿಲ್ಲದೆ ಒಂಬತ್ತುಗಳನ್ನು ಬರೆಯುತ್ತಾ ಹೋದರೆ ಆ ಸಂಖ್ಯೆ ಯಾವುದು? ಒಂದಕ್ಕಿಂತ ಚೂರು ಕಡಿಮೆ ಎಂದು ಇಡೀ ತರಗತಿ ಹೇಳುತ್ತದೆ. ಅದು ಸರಿಯಾಗಿ ಒಂದೇ. ಹತ್ತರಿಂದ ಗುಣಿಸಿ ಕಳೆದು ತೋರಿಸಿದರೆ ಮಕ್ಕಳು ಒಪ್ಪುತ್ತಾರೆ, ಒಳಗೊಳಗೇ ನಂಬುವುದಿಲ್ಲ. ‘ಹಾಗಾದರೆ ಉಳಿದ ಚೂರು ಎಲ್ಲಿ ಹೋಯಿತು?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಾಗ, ನೈಜ ವಿಶ್ಲೇಷಣೆಯಲ್ಲಿ ಮಿತಿಯ ಕಲ್ಪನೆಯನ್ನು ಆಳವಾಗಿ ಓದಿದವಳು ಧೈರ್ಯದಿಂದ ನಿಲ್ಲುತ್ತಾಳೆ. ಓದದವಳು ‘ಅದು ಹಾಗೇ, ಬರೆದುಕೊಳ್ಳಿ’ ಎನ್ನುತ್ತಾಳೆ. ಆನರ್ಸ್ ಇರಲಿ, ಎಂ.ಎಸ್‌ಸಿ. ಇರಲಿ, ಹೆಚ್ಚಿನ ಗಣಿತ ಫಲ ಕೊಡುವ ಜಾಗ ಇದು.

ಆದರೆ ಅಷ್ಟರಿಂದಲೇ ಶಿಕ್ಷಕಿ ತಯಾರಾಗುವುದಿಲ್ಲ. ಆ ಕೆಲಸ ಶುರುವಾಗುವುದು ಬಿ.ಎಡ್.ನಲ್ಲಿ. ಕುಮಟಾದ ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯ ಈ ಭಾಗದವರಿಗೆ ಚಿರಪರಿಚಿತ ಹೆಸರು. ಪ್ರಾಥಮಿಕ ಶಿಕ್ಷಕರ ತರಬೇತಿಗೆ ಮೀಸಲಾದ ಜಿಲ್ಲಾ ಸಂಸ್ಥೆ ಡಯಟ್ ಕೂಡ ಕುಮಟಾದಲ್ಲೇ ಇದೆ. ಮಾಸ್ತರರನ್ನು ತಯಾರು ಮಾಡುವ ಊರು ಎಂದು ಕುಮಟಾವನ್ನು ಕರೆದರೆ ತಪ್ಪಾಗದು.

ಬಿ.ಎಡ್. ಮೊದಲು ಒಂದು ವರ್ಷದ್ದಾಗಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ತಂದ 2014ರ ನಿಯಮಾವಳಿಯಿಂದಾಗಿ 2015ರಿಂದ ಎರಡು ವರ್ಷವಾಯಿತು. ಸೇರಲು ಪದವಿಯಲ್ಲಿ ಶೇ 50 ಅಂಕ ಬೇಕು, ಮೀಸಲು ವರ್ಗಗಳಿಗೆ ರಿಯಾಯಿತಿ ಇದೆ. ಎಂಜಿನಿಯರಿಂಗ್ ಮುಗಿಸಿದವರೂ ಶೇ 55 ಅಂಕವಿದ್ದರೆ ಬರಬಹುದು. ತರಗತಿಗಳಿಗೆ ಶೇ 80 ಹಾಜರಾತಿ, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90. ಶಾಲೆಯ ದಿನಗಳಿಗೆ ಹೆಚ್ಚು ಹಾಜರಾತಿ ಕೇಳಿರುವುದು ನಿಯಮ ಬರೆದವರ ವಿವೇಕ.

ಮೊದಲ ದಿನಗಳಲ್ಲಿ ಪ್ರಶಿಕ್ಷಣಾರ್ಥಿಗಳನ್ನು ಹೆದರಿಸುವುದು ಸೂಕ್ಷ್ಮ ಬೋಧನೆ. ಪಾಠ ಕೇವಲ ಆರು ನಿಮಿಷದ್ದು, ಎದುರಿಗೆ ವಿದ್ಯಾರ್ಥಿಗಳಾಗಿ ಕೂತವರು ಸಹಪಾಠಿಗಳೇ. ಪ್ರಶ್ನೆ ಕೇಳುವುದು, ಕಪ್ಪು ಹಲಗೆ ಬಳಸುವುದು, ಉದಾಹರಣೆ ಕೊಟ್ಟು ವಿವರಿಸುವುದು, ಇಂಥ ಒಂದೇ ಕೌಶಲದ ಅಭ್ಯಾಸ ಅಲ್ಲಿ ನಡೆಯುತ್ತದೆ. ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ವಿಮರ್ಶೆ. 36 ನಿಮಿಷದ ಈ ಸುತ್ತಿನಲ್ಲಿ ಹಲಗೆಯ ಕಡೆ ಮುಖ ಮಾಡಿ ಹಲಗೆಗೇ ಪಾಠ ಹೇಳುವ ಚಾಳಿ, ಪ್ರಶ್ನೆ ಕೇಳಿ ಉತ್ತರವನ್ನೂ ತಾನೇ ಹೇಳಿಬಿಡುವ ಆತುರ ಬಯಲಿಗೆ ಬರುತ್ತವೆ.

ನಿಜವಾದ ಪರೀಕ್ಷೆ ಇಂಟರ್ನ್‌ಶಿಪ್. ಎರಡು ವರ್ಷಗಳಲ್ಲಿ ಒಟ್ಟು 20 ವಾರ, ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿ. ಲಿಪಿಂಗ್ ಮಾ ಕೇಳಿದ ಪ್ರಶ್ನೆ ಅಲ್ಲಿ ನಿಜರೂಪದಲ್ಲಿ ಎದುರಾಗುತ್ತದೆ. ಮನೆಯಲ್ಲಿ ಒಂದೂಮುಕ್ಕಾಲು ಲೀಟರ್ ಕೊಬ್ಬರಿ ಎಣ್ಣೆ ಇದೆ, ಅರ್ಧ ಲೀಟರಿನ ಬಾಟಲಿಗಳಿಗೆ ತುಂಬಬೇಕು, ಎಷ್ಟು ಬಾಟಲಿ ಬೇಕು ಎಂದು ಕೇಳಿದರೆ ಕರಾವಳಿಯ ಮಗು ಚಟ್ಟನೆ ಚಿತ್ರ ಬರೆಯುತ್ತದೆ. ಮೂರು ಬಾಟಲಿ ತುಂಬಿತು, ಕಾಲು ಲೀಟರ್ ಉಳಿಯಿತು. ಆದ್ದರಿಂದ ಉತ್ತರ ಮೂರೂಕಾಲು! ಪುಸ್ತಕದ ಉತ್ತರ ಮೂರೂವರೆ. ‘ತಪ್ಪು’ ಎಂದು ಗೀಟು ಹಾಕಿ ಮುಂದೆ ಹೋಗುವುದು ಸುಲಭ. ಆದರೆ ಮಗುವಿನ ಯೋಚನೆ ಹಳಿ ತಪ್ಪಿಲ್ಲ, ಅಳತೆಯ ಮಾನ ಬದಲಾದದ್ದನ್ನು ಅದು ಗಮನಿಸಿಲ್ಲ ಅಷ್ಟೆ. ಉಳಿದದ್ದು ಲೀಟರಿನ ಕಾಲು ಭಾಗ, ಬಾಟಲಿಯ ಅರ್ಧ ಭಾಗ. ನಾವು ಎಣಿಸುತ್ತಿರುವುದು ಬಾಟಲಿಯನ್ನು. ಈ ಒಂದು ವಾಕ್ಯ ಹೊಳೆಯಬೇಕಾದರೆ ಶಿಕ್ಷಕಿಗೆ ಭಾಗಾಕಾರವೂ ಗೊತ್ತಿರಬೇಕು, ತಪ್ಪುತ್ತರದ ಒಳಗೆ ಇಣುಕುವ ತಾಳ್ಮೆಯೂ ಇರಬೇಕು. ಗಣಿತ ಬೋಧನೆ ಕುರಿತ, ಆರ್. ರಾಮಾನುಜಂ ಅಧ್ಯಕ್ಷತೆಯ ರಾಷ್ಟ್ರೀಯ ಸಮಿತಿ 2006ರ ತನ್ನ ನಿಲುವು ಪತ್ರದಲ್ಲಿ, ಮಗುವಿನ ಯೋಚನೆಯನ್ನೇ ಗಣಿತೀಯವಾಗಿಸುವುದು ಶಾಲಾ ಗಣಿತದ ಮುಖ್ಯ ಗುರಿ ಎಂದಿತ್ತು. ಅದು ನಡೆಯುವುದು ಇಂಥ ಕ್ಷಣಗಳಲ್ಲಿ.

ಈ ಮೂರು ತಾಲ್ಲೂಕುಗಳಲ್ಲಿ ಇನ್ನೊಂದು ಸವಾಲಿದೆ. ಒಂದೇ ತರಗತಿಯಲ್ಲಿ ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ಕೊಂಕಣಿ, ಭಟ್ಕಳದ ಕಡೆ ನವಾಯತಿ ಮಾತಾಡುವ ಮನೆಗಳ ಮಕ್ಕಳು ಕೂತಿರುತ್ತಾರೆ. ಉರ್ದು ಮಾಧ್ಯಮದ ಶಾಲೆಗಳೂ ಇವೆ. ‘ಅಂಶ, ಛೇದ’ ಎಂಬ ಮಾತುಗಳು ಇವರಲ್ಲಿ ಬಹಳಷ್ಟು ಮಕ್ಕಳಿಗೆ ಮೊದಲು ಕಿವಿಗೆ ಬೀಳುವುದು ಶಾಲೆಯಲ್ಲೇ. ಬಿ.ಎಡ್. ಪಠ್ಯಕ್ರಮದಲ್ಲಿ ಭಾಷೆಯ ಕುರಿತು ಒಂದು ಪತ್ರಿಕೆ ಇದ್ದರೂ, ಇಂಥ ಮಾತುಗಳನ್ನು ಮಕ್ಕಳ ಮನೆಮಾತಿನ ಮೂಲಕ ಅರ್ಥ ಮಾಡಿಸುವ ಜಾಣ್ಮೆ ಬರುವುದು ಊರಿನ ಶಾಲೆಯಲ್ಲಿ ನಿಂತು ಪಾಠ ಮಾಡಿದಾಗಲೇ.

ಬಿ.ಎಡ್. ಮುಗಿದ ಮೇಲೂ ಮೆಟ್ಟಿಲುಗಳಿವೆ. ಆರರಿಂದ ಎಂಟನೆಯ ತರಗತಿಗೆ ಕಲಿಸಲು ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿಯ ಎರಡನೆಯ ಪತ್ರಿಕೆ ಪಾಸಾಗಬೇಕು. 150 ಅಂಕಗಳಲ್ಲಿ ಗಣಿತ-ವಿಜ್ಞಾನಕ್ಕೆ 60, ಸಾಮಾನ್ಯ ವರ್ಗದವರು ಒಟ್ಟು 90 ಗಳಿಸಬೇಕು. ಪಿಯು ಉಪನ್ಯಾಸಕಿಯಾಗಲು ಎಂ.ಎಸ್‌ಸಿ. ಕೂಡ ಬೇಕು.

ಪದವಿ ಮತ್ತು ಬಿ.ಎಡ್. ಎರಡನ್ನೂ ಒಟ್ಟಿಗೆ ನಾಲ್ಕು ವರ್ಷದಲ್ಲಿ ಕಲಿಸುವ ಪ್ರಯೋಗ ಮೈಸೂರಿನಲ್ಲಿ 1963ರಲ್ಲೇ ಆರಂಭವಾಗಿತ್ತು. ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅಂದು ಪ್ರಾದೇಶಿಕ ಶಿಕ್ಷಣ ಕಾಲೇಜು. ಗಣಿತ ಓದುತ್ತಲೇ, ಆವರಣದೊಳಗಿನ ಪ್ರಾತ್ಯಕ್ಷಿಕೆ ಶಾಲೆಯಲ್ಲಿ ಮಕ್ಕಳೊಂದಿಗೆ ಬೆರೆಯುತ್ತ ಶಿಕ್ಷಕರು ಅಲ್ಲಿ ಬೆಳೆದರು. ಈಗ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಹರಡುತ್ತಿರುವ ಐಟೆಪ್ ಎಂಬ ಸಮಗ್ರ ಕೋರ್ಸಿನ ತಿರುಳೂ ಅದೇ. ಅದಕ್ಕೆ ಪಿಯುಸಿ ನಂತರ ಎನ್‌ಸಿಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಹೊನ್ನಾವರದ ಹುಡುಗಿಗೆ ಅದು ಒಂದು ವರ್ಷ ಉಳಿಸುತ್ತದೆ, ಆದರೆ ಊರು ಬಿಡಿಸುತ್ತದೆ.

2025ರ ಆರಂಭದಲ್ಲಿ ಎನ್‌ಸಿಟಿಇ ಹೊರಡಿಸಿದ ಕರಡು ನಿಯಮದಲ್ಲಿ ಒಂದು ವರ್ಷದ ಬಿ.ಎಡ್. ಮತ್ತೆ ಕಾಣಿಸಿಕೊಂಡಿತು, ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಇದ್ದವರಿಗೆ. ಕರ್ನಾಟಕ ಮೂರು ವರ್ಷಕ್ಕೆ ಮರಳಿರುವುದರಿಂದ ಇಲ್ಲಿನ ಹೊಸ ವಿದ್ಯಾರ್ಥಿಗಳಿಗೆ ಆ ದಾರಿ ಸಿಗಬೇಕಾದರೆ ಎಂ.ಎಸ್‌ಸಿ. ಮಾಡಿಯೇ ಹೋಗಬೇಕಾದೀತು. ವರ್ಷಗಳನ್ನು ಯಾವ ಲೆಕ್ಕದಲ್ಲಿ ಹೊಂದಿಸಿದರೂ, ಕತ್ತರಿ ಮೊದಲು ಇಂಟರ್ನ್‌ಶಿಪ್ಪಿನ ಮೇಲೆ ಬೀಳಬಾರದು. ಪ್ರಶಿಕ್ಷಣಾರ್ಥಿಗೆ ಆ 16 ವಾರಗಳೂ ಬೇಕು, ಅವಳ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ತಿದ್ದುವ ಅನುಭವಿ ಶಿಕ್ಷಕರೂ ಬೇಕು.