ಎತ್ತು ಸಿಗದಿದ್ದಾಗ ಕೋಳಿಗಳಿಗೇ ನೊಗ

ಹೊಲ ಉಳಲು ಎರಡು ಗಟ್ಟಿ ಎತ್ತು ಬೇಕೋ, 1,024 ಕೋಳಿ ಬೇಕೋ? ಸೂಪರ್‌ಕಂಪ್ಯೂಟರ್‌ಗಳ ಶಿಲ್ಪಿ ಸೆಮೋರ್ ಕ್ರೇ ಹೀಗೆ ಕೇಳಿದರೆಂಬ ಮಾತು ಕಂಪ್ಯೂಟರ್ ಬಲ್ಲವರ ನಡುವೆ ಇಂದಿಗೂ ಓಡಾಡುತ್ತದೆ. ಸಾಧಾರಣ ಪ್ರೊಸೆಸರ್‌ಗಳನ್ನು ಗುಂಪು ಕಟ್ಟಿ ದೊಡ್ಡ ಲೆಕ್ಕ ಮಾಡಹೊರಟವರನ್ನು ಕಿಚಾಯಿಸುವ ಮಾತದು. 1980ರ ದಶಕದ ಬೆಂಗಳೂರಿಗೆ ಮಾತ್ರ ಆಯ್ಕೆಯೇ ಇರಲಿಲ್ಲ. ಎತ್ತು ಕೊಡಲು ಅಮೆರಿಕಕ್ಕೆ ಮನಸ್ಸಿರಲಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆ ಬಯಸಿದ ಕ್ರೇ ಯಂತ್ರ ಬರಲಿಲ್ಲ. ದೆಹಲಿಯ ಹವಾಮಾನ ಕೇಂದ್ರಕ್ಕೆ ಬಂದದ್ದೂ ಕೇಳಿದ್ದಕ್ಕಿಂತ ಚಿಕ್ಕದು, ಷರತ್ತುಗಳ ಸಮೇತ.

ಆಗ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆಂಬ ಲೆಕ್ಕಕ್ಕೆ ಪ್ರಯೋಗಾಲಯದಲ್ಲಿದ್ದ ಯಂತ್ರಬಲ ಸಾಲುತ್ತಿರಲಿಲ್ಲ. ಯು.ಎನ್. ಸಿನ್ಹಾ ನೇತೃತ್ವದ ತಂಡ ಇಂಟೆಲ್‌ನ 8086 ಚಿಪ್‌ಗಳನ್ನೇ ಜೋಡಿಸಿತು. ಅವು ಅಂದಿನ ಪಿಸಿಗಳ ಕುಲಕ್ಕೇ ಸೇರಿದವು. ದಶಮಾಂಶದ ಲೆಕ್ಕಕ್ಕೆಂದು ಪಕ್ಕದಲ್ಲಿ 8087. 1986ರ ಡಿಸೆಂಬರ್‌ನಲ್ಲಿ 'ಫ್ಲೋಸಾಲ್ವರ್ ಎಂಕೆ-1' ಕೆಲಸ ಶುರುಮಾಡಿತು. 'ಪರಮ್' ಸೂಪರ್‌ಕಂಪ್ಯೂಟರ್ ಕಟ್ಟಿ ಹೆಸರಾದ ಪುಣೆಯ ಸಿ-ಡ್ಯಾಕ್ ಆಗಿನ್ನೂ ಹುಟ್ಟಿರಲಿಲ್ಲ.

ಲೆಕ್ಕ ಹಂಚುವುದು ಸುಲಭ. ಗಾಳಿಯ ಹರಹನ್ನು ತುಂಡು ಮಾಡಿ ಪ್ರೊಸೆಸರ್‌ಗೊಂದು ತುಂಡು ಕೊಟ್ಟರಾಯಿತು. ಫಜೀತಿ ಇರುವುದು ಗಡಿಯಲ್ಲಿ. ಒಂದು ತುಂಡಿನ ಅಂಚಿನ ಒತ್ತಡ, ವೇಗ ಪಕ್ಕದ ತುಂಡಿಗೆ ಗೊತ್ತಾಗದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಚಿಪ್ ಎಷ್ಟೇ ಚುರುಕಾಗಿರಲಿ, ಪಕ್ಕದವನ ಅಂಕಿಗಾಗಿ ಕೈಕಟ್ಟಿ ಕೂರಲೇಬೇಕು.

ಮುಂಗಾರಿನ ಲೆಕ್ಕಕ್ಕಿಳಿದಾಗ ಇದು ಇನ್ನಷ್ಟು ಬಿಗಡಾಯಿಸುತ್ತದೆ. ತಂಡ ಜಾಗತಿಕ ಹವಾಮಾನ ಮಾದರಿಯನ್ನು ಸಮಾಂತರ ಯಂತ್ರಕ್ಕೆ ಅಳವಡಿಸಿ 1994ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ ಪ್ರಬಂಧ ಪ್ರಕಟಿಸಿತು. ಆ ಬಗೆಯ ಮಾದರಿಯಲ್ಲಿ ವಾತಾವರಣವನ್ನು ಅಲೆಗಳ ಮೊತ್ತವಾಗಿ ಬರೆಯುತ್ತಾರೆ. ಹೆಜ್ಜೆಹೆಜ್ಜೆಗೂ ಎಲ್ಲ ಪ್ರೊಸೆಸರ್‌ಗಳ ಪಾಲನ್ನೂ ಕೂಡಿಸಿ, ಮೊತ್ತವನ್ನು ಎಲ್ಲಕ್ಕೂ ಮರಳಿಸಬೇಕು. ಎನ್‌ಎಎಲ್‌ನವರು ಮುಂದೆ ಕಟ್ಟಿದ 'ಫ್ಲೋಸ್ವಿಚ್' ಅಂಕಿಗಳನ್ನು ಸಾಗಿಸುವಾಗಲೇ ಕೂಡಿಸುತ್ತಿತ್ತು. ಇಡೀ ಕಥೆಯಲ್ಲಿ ನಿಜವಾದ ಜಾಣ್ಮೆ ಕಾಣುವುದು ಇಲ್ಲೇ. ಚಿಪ್‌ಗಳನ್ನು ಪೇಟೆಯಿಂದ ತರಬಹುದಿತ್ತು, ಈ ಸ್ವಿಚ್ ಅನ್ನು ತಾವೇ ಮಾಡಬೇಕಿತ್ತು.

ಅದೇ 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ 16 ಪ್ರೊಸೆಸರ್‌ಗಳನ್ನು ಮಾಮೂಲಿ ಈಥರ್ನೆಟ್ ಕೇಬಲ್ಲಿನಲ್ಲಿ ಬೆಸೆದು, ಲಿನಕ್ಸ್ ಹಾಕಿದರು. 'ಬೇವುಲ್ಫ್' ಎಂದು ಹೆಸರಿಟ್ಟರು. ಎಂಟು ವರ್ಷ ಮೊದಲೇ ಹೊರಟ ಬೆಂಗಳೂರಿನ ಹೆಸರು ಉಳಿಯದೆ ಇದು ಜಗತ್ತಿನೆಲ್ಲೆಡೆ ಹಬ್ಬಿದ್ದೇಕೆ? ಬೇವುಲ್ಫ್‌ನಲ್ಲಿ ಕೈಯಾರೆ ಮಾಡಬೇಕಾದ ಬಿಡಿಭಾಗ ಒಂದೂ ಇರಲಿಲ್ಲ. ತಂತ್ರಾಂಶ ಪುಕ್ಕಟೆ, ವಿಧಾನ ಬಹಿರಂಗ. ಫ್ಲೋಸಾಲ್ವರ್ ಮಾತ್ರ ಅದನ್ನು ಕಟ್ಟಿದವರ ಕೈಗುಣವನ್ನೇ ನೆಚ್ಚಿಕೊಂಡಿತ್ತು.

2004ರಲ್ಲಿ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ 144 ಸರ್ವರ್‌ಗಳ 'ಕಬ್ರು' ಕ್ಲಸ್ಟರ್ ಕಟ್ಟಿ ಒಂದು ಟೆರಾಫ್ಲಾಪ್ ವೇಗ ಮುಟ್ಟಿತು. ಅಲ್ಲೂ ಸರ್ವರ್‌ಗಳು ಸಾಮಾನ್ಯವಾದವು, ನೆಟ್‌ವರ್ಕ್ ಮಾತ್ರ ವಿಶೇಷ.

ಈಗ ಮೈಸೂರಿನ ಯಾವ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲೂ ಗಡಿಯ ಈ ಫಜೀತಿಯನ್ನು ಪರೀಕ್ಷಿಸಬಹುದು. ಹಳೆಯ ಪಿಸಿಗಳು, ಒಂದು ಸ್ವಿಚ್, ಲಿನಕ್ಸ್, ಪಿಸಿಗಳ ನಡುವೆ ಅಂಕಿ ಸಾಗಿಸುವ ಓಪನ್-ಎಂಪಿಐ ತಂತ್ರಾಂಶ ಇದ್ದರೆ ಸಾಕು. ಒಂದಕ್ಕೊಂದು ಸಂಬಂಧವಿಲ್ಲದ ಸಾವಿರ ಲೆಕ್ಕ ಕೊಟ್ಟರೆ ಹದಿನಾರು ಪಿಸಿಗಳು ಹತ್ತಿರಹತ್ತಿರ ಹದಿನಾರು ಪಟ್ಟು ಕೆಲಸ ಮುಗಿಸುತ್ತವೆ. ಅವಕ್ಕೇ ಕೆಆರ್‌ಎಸ್ ಜಲಾನಯನದ ಮಳೆಯ ಮಾದರಿ ಕೊಟ್ಟರೆ ಸಂಖ್ಯೆ ಏರಿಸಿದಷ್ಟೂ ಲಾಭ ಇಳಿಯುತ್ತದೆ. ಸ್ವಿಚ್ಚಿನ ದೀಪಗಳು ಪಟಪಟ ಮಿನುಗುತ್ತಿರುತ್ತವೆ, ಪ್ರೊಸೆಸರ್‌ಗಳು ಪಕ್ಕದವರ ಅಂಕಿಗೆ ಕಾಯುತ್ತಿರುತ್ತವೆ.