ಸಿಡುಕನ ಕುಲಗೋತ್ರ

ಇಂಗ್ಲಿಷಿನಲ್ಲಿ ಸಿಡುಕು ಮೋರೆಯ ಮುದುಕನಿಗೆ ‘ಕರ್ಮಜನ್’ ಎನ್ನುತ್ತಾರೆ. ಮಕ್ಕಳ ಆಟಕ್ಕೂ ನೆರೆಮನೆಯ ಹಾಡಿಗೂ ಗೊಣಗುವ ಆಸಾಮಿ. ಕನ್ನಡದ ಕಿವಿಗೆ ಇದರಲ್ಲಿ ಕರ್ಮವೂ ಜನವೂ ಕೇಳಿಸುತ್ತವೆ. ‘ಅಯ್ಯೋ ಕರ್ಮ, ಎಂಥ ಜನ!’ ಎಂಬುದೇ ಮೂಲವೆಂದು ಯಾರಾದರೂ ಹೇಳಿದರೆ ಅರೆಗಳಿಗೆ ನಂಬಲೂಬಹುದು. ಗುರುತು ಸಿಗದ ಪದವನ್ನು ಗೊತ್ತಿರುವ ತುಂಡುಗಳಾಗಿ ಒಡೆದು ಕಥೆ ಕಟ್ಟುವ ಈ ಚಾಳಿಗೆ ಘಟಾನುಘಟಿಗಳೂ ಬಲಿಬಿದ್ದಿದ್ದಾರೆ.

ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ನಿಘಂಟಿನಲ್ಲಿ ಕರ್ಮಜನ್ ಎಂದರೆ ಜಿಪುಣ, ಒರಟ. ಆಗ ಒತ್ತು ಇದ್ದದ್ದು ದುಡ್ಡಿನ ಮೇಲೆ. ಬರಬರುತ್ತಾ ಹಣದ ಗಂಟು ಕಳಚಿ ಮುಖದ ಗಂಟು ಮಾತ್ರ ಉಳಿಯಿತು. ಪದದ ಮೂಲ ಫ್ರೆಂಚಿನ ‘ಕೆರ್ ಮೆಶಾಂ’, ಅಂದರೆ ಕೆಟ್ಟ ಹೃದಯ ಎಂದು ಜಾನ್ಸನ್ ಬರೆದ. ಇದನ್ನು ಅವನಿಗೆ ತಿಳಿಸಿದವರು ಯಾರೋ ಅಪರಿಚಿತ ಪತ್ರಲೇಖಕರು. ಆ ಸಂಗತಿಯನ್ನೂ ಪ್ರಾಮಾಣಿಕವಾಗಿ ಪಕ್ಕದಲ್ಲೇ ನಮೂದಿಸಿದ. 1775ರಲ್ಲಿ ಜಾನ್ ಆಶ್ ತನ್ನ ನಿಘಂಟಿಗೆ ಇದನ್ನೇ ಇಳಿಸಿಕೊಳ್ಳುವಾಗ, ಕೆರ್ ಎಂದರೆ ಅಪರಿಚಿತ, ಮೆಶಾಂ ಎಂದರೆ ಪತ್ರಲೇಖಕ ಎಂದು ಅಚ್ಚು ಹಾಕಿಸಿದ! ನಿಘಂಟುಗಳ ಇತಿಹಾಸದಲ್ಲಿ ಇದಕ್ಕಿಂತ ಸೊಗಸಾದ ಎಡವಟ್ಟನ್ನು ನಾನು ಕಂಡಿಲ್ಲ.

ಮತ್ತೊಂದು ಊಹೆಗೆ ಇನ್ನಷ್ಟು ಬಲವಿತ್ತು. ರೋಮನ್ ಇತಿಹಾಸಕಾರ ಲಿವಿಯನ್ನು 1600ರಲ್ಲಿ ಇಂಗ್ಲಿಷಿಗೆ ತಂದ ಫಿಲೆಮನ್ ಹಾಲಂಡ್, ಧಾನ್ಯದ ವ್ಯಾಪಾರಿಗಿದ್ದ ಲ್ಯಾಟಿನ್ ಪದದ ಜಾಗದಲ್ಲಿ ‘ಕಾರ್ನ್‌ಮಜಿನ್’ ಎಂದು ಬರೆದಿದ್ದ. ಕರ್ಮಜನ್ ಅದರಿಂದಲೇ ಬಂತೆಂಬುದು ಈ ಊಹೆ. ಇಂಗ್ಲೆಂಡಿನವರಿಗೆ ಕಾರ್ನ್ ಎಂದರೆ ಕಾಳುಕಡಿ. ಬೆಲೆ ಏರಲಿ ಎಂದು ಕಾಳು ಬಚ್ಚಿಡುವವನಿಗಿಂತ ಜಿಪುಣ ಬೇಕೆ? ಅರ್ಥ ಚೆನ್ನಾಗಿಯೇ ಕೂತಿತು, ತಾರೀಖು ಕೂರಲಿಲ್ಲ. ಕರ್ಮಜನ್ ಎಂಬ ರೂಪ 1577ರಲ್ಲೇ ಅಚ್ಚಾಗಿದೆ. ಅಪ್ಪನಿಗಿಂತ ಮೊದಲೇ ಮಗ ಹುಟ್ಟಿದ ಹಾಗಾಯಿತು! ಹಾಲಂಡ್ ಬಳಕೆಯಲ್ಲಿದ್ದ ಪದವನ್ನೇ ಚಮತ್ಕಾರಕ್ಕೆ ತಿರುಚಿರಬೇಕು.

ತಾರೀಖು ಹೊಂದಿದರೂ ಸಾಲದು, ಧ್ವನಿಯೂ ಹೊಂದಬೇಕು. ಹಳಗನ್ನಡದ ಪಾಲು ಹಾಲಾದದ್ದು ಒಂಟಿ ಘಟನೆಯಲ್ಲ. ಪುಲಿ ಹುಲಿಯಾಯಿತು, ಪೆಸರು ಹೆಸರಾಯಿತು, ಪಲ್ಲು ಹಲ್ಲಾಯಿತು. ಮಾತಿನ ಧ್ವನಿಗಳು ಹೀಗೆ ಸಾಲುಸಾಲಾಗಿ ಬದಲಾಗುತ್ತವೆ. ‘ಕೆರ್ ಮೆಶಾಂ’ ಕರ್ಮಜನ್ ಆಯಿತು ಎನ್ನಲು ಅಂಥ ಜೊತೆಗಾರ ಪದಗಳಿಲ್ಲ, ನಡುಹಾದಿಯ ರೂಪಗಳೂ ಇಲ್ಲ. ಸ್ಕಾಟ್ಲೆಂಡಿನ ಗೇಲಿಕ್ ನುಡಿಯಲ್ಲಿ ಯಾರಿಗೂ ಬೇಡವಾದವನನ್ನು ಕರೆಯುವ ಒಂದು ಪದವಿದೆ. ಅದು ‘ಮಜನ್’ಗೆ ಹತ್ತಿರ, ಮುಂದಿನ ‘ಕರ್’ ಬರೀ ಒತ್ತಿಗೆ ಸೇರಿದ್ದು ಎಂಬ ವಾದ ಈಚೆಗೆ ಬಂದಿದೆ. ಇದ್ದುದರಲ್ಲಿ ಇದೇ ವಾಸಿ, ಆದರೆ ಸಾಬೀತಾಗಿಲ್ಲ.

ಅದಕ್ಕೇ ಇಂದಿನ ನಿಘಂಟುಗಳು ಮೂಲ ತಿಳಿಯದು ಎಂದು ಬರೆದು ಸುಮ್ಮನಾಗುತ್ತವೆ. ಪ್ರಾಸದ ನೆಂಟರ ಪಾಡೂ ಅಷ್ಟೇ. ದಪ್ಪ ದೊಣ್ಣೆಗೆ ಇಂಗ್ಲಿಷರು ‘ಬ್ಲಜನ್’ ಎನ್ನುತ್ತಾರೆ, ಮುನಿಸಿಗೆ ‘ಡಜನ್’ (ಬಾಳೆಹಣ್ಣಿನ ಡಜನ್ ಅಲ್ಲ, ಬೇರೆಯದು). ಅವೆರಡೂ ಎಲ್ಲಿಂದ ಬಂದವೋ, ಅದೂ ಪತ್ತೆಯಾಗಿಲ್ಲ.