4,208 ಕಿಲೋಮೀಟರ್ ತುಳಿದು 880 ರೂಪಾಯಿ ನಷ್ಟ! ಆದರೂ ಸೈಕಲ್ ಬಿಡೋಲ್ಲ ಅಂತಾರೆ ಮಂಡಿಪೇಟೆ ಗುಮಾಸ್ತರು

ದಾವಣಗೆರೆ: ಹೊಸ ವರ್ಷ ಬಂತೆಂದರೆ ಸಂಕಲ್ಪ ಮಾಡುವವರಿಗೆ ಬರವಿಲ್ಲ. ಬೀಡಿ ಬಿಡುತ್ತೇನೆ ಅಂದವರು ಸಂಕ್ರಾಂತಿಯ ಎಳ್ಳು-ಬೆಲ್ಲ ತಿನ್ನುವಷ್ಟರಲ್ಲಿ ಮತ್ತೆ ಕಡ್ಡಿ ಗೀರಿರುತ್ತಾರೆ. ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆ ಅಂದವರ ಬೂಟು ಬಾಗಿಲ ಸಂದಿಯಲ್ಲಿ ಧೂಳು ತಿನ್ನುತ್ತಿರುತ್ತದೆ. ಹೀಗಿರುವಾಗ ಒಂದಿಡೀ ವರ್ಷ ಹಿಡಿದ ಹಟ ಬಿಡದೆ ಸೈಕಲ್ ತುಳಿದು, ಅದರ ಜಮಾ-ಖರ್ಚನ್ನು ಪೈಸೆ ಬಿಡದಂತೆ ಬರೆದಿಟ್ಟವರು ಸಿಕ್ಕರೆ ಅವರ ಕಿರ್ದಿ ಪುಸ್ತಕವನ್ನು ಒಮ್ಮೆ ತಿರುವಿ ನೋಡುವುದರಲ್ಲಿ ತಪ್ಪೇನೂ ಇಲ್ಲ.

ಇವರು ಮಂಡಿಪೇಟೆಯ ಒಂದು ಕಿರಾಣಿ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ವಯಸ್ಸು ಐವತ್ತೊಂದು. ಮನೆ ಬಾತಿ ಕಡೆಗೆ. ಮನೆ ಬಾಗಿಲಿಂದ ಅಂಗಡಿ ಮೆಟ್ಟಿಲಿಗೆ ಎಂಟು ಕಿಲೋಮೀಟರ್. ಹೆಸರು ಹಾಕಬೇಡಿ ಎಂಬುದು ಅವರ ಒಂದೇ ಕರಾರು. "ಪೇಪರ್‌ನಾಗೆ ಹೆಸರು ಬಂದ್ರೆ ಪೇಟೆ ಮಂದಿ ನನ್ನ ಕೈಲಿ ದಿನಾ ಚಾ ಕೊಡಿಸ್ಕೊಂತಾರೆ. ಚಾದ ಲೆಕ್ಕಾನೇ ಈಗಾಗಲೇ ಮನೆಯಾಗೆ ಜಗಳ ಆಗೈತಿ" ಎಂದು ನಗುತ್ತಾರೆ.

ಮನೆಯಲ್ಲಿ ಇವರೊಬ್ಬರಿಗೇ ಟಿಕೇಟು

ಸೈಕಲ್ ಹತ್ತಿದ ಕಾರಣ ದೊಡ್ಡದೇನಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ಗುಮಾಸ್ತರ ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಇಬ್ಬರೂ ದುಡ್ಡಿಲ್ಲದೆ ಓಡಾಡತೊಡಗಿದರು. ಟಿಕೇಟು ಹರಿಸುವವರು ಇವರೊಬ್ಬರೇ ಉಳಿದರು. ಅದಾದ ಮೇಲೆ 2025ರ ಜನವರಿ 5ರಿಂದ ಬಸ್ ದರ ಶೇಕಡಾ 15 ಏರಿತು. ಹೋಗಿ ಬರಲು 26 ರೂಪಾಯಿ ಕೊಡುತ್ತಿದ್ದವರು 30 ಕೊಡಬೇಕಾಯಿತು. ಮಾರನೇ ದಿನ ಸೋಮವಾರ. ಹಿತ್ತಿಲ ಕೊಟ್ಟಿಗೆಯಲ್ಲಿ ಸೌದೆ ಹಿಂದೆ ಬಿದ್ದಿದ್ದ ಮಗನ ಸೈಕಲ್ಲನ್ನು ಎಳೆದು ಹೊರಗೆ ತಂದರು.

ಆ ಸೈಕಲ್ಲೂ ಸರ್ಕಾರದ್ದೇ! ಎಂಟನೇ ಇಯತ್ತೆ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾದದ್ದು ಓದುಗರಿಗೆ ನೆನಪಿರಬಹುದು. 2020ರಲ್ಲಿ ಕೋವಿಡ್ ಬಂದ ವರ್ಷ ಆ ಹಂಚಿಕೆ ನಿಂತಿತು. ಗುಮಾಸ್ತರ ಮಗನಿಗೆ 2019ರಲ್ಲಿ ಸಿಕ್ಕಿತ್ತು. ಹುಡುಗ ಎರಡು ವರ್ಷ ತುಳಿದು ಬಿಟ್ಟ, ಈಗ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ. ಟೈರು ಬಿರುಕು ಬಿಟ್ಟು, ಚೈನು ತುಕ್ಕು ಹಿಡಿದು ಸೈಕಲ್ಲು ಗುಜರಿಗೆ ಹಾಕುವ ಹಾಗಿತ್ತು. ಎರಡು ಟೈರು, ಟ್ಯೂಬು, ಚೈನು, ಫ್ರೀವ್ಹೀಲು, ಕೈಕೂಲಿ ಎಲ್ಲ ಸೇರಿ 1,900 ರೂಪಾಯಿ ಖರ್ಚಾಯಿತು.

ಮೊದಲ ತಿಂಗಳು ಮೊಣಕಾಲು ನೋವು ಕಾಡಿತು. ಬಿಟ್ಟುಬಿಡುವ ಯೋಚನೆಯೂ ಬಂತು. ಪಂಕ್ಚರ್ ಅಂಗಡಿಯ ಹಿರಿಯರೊಬ್ಬರು ಒಂದು ಸಲ ಇವರು ತುಳಿಯುವುದನ್ನು ನೋಡಿ, "ಏನ್ರೀ ಗುಮಾಸ್ತರೇ, ಮಗನ ಸೀಟಿನ ಮ್ಯಾಲೆ ಅಪ್ಪ ಕುಂತ್ರೆ ಮೊಣಕಾಲು ಏನಾಗಬೇಕು?" ಎಂದು ಸ್ಪ್ಯಾನರ್ ತೆಗೆದು ಸೀಟನ್ನು ಎರಡು ಇಂಚು ಮೇಲಕ್ಕೆತ್ತಿದರು. ಪೆಡಲು ಕೆಳಗೆ ಹೋದಾಗ ಕಾಲು ಹೆಚ್ಚುಕಡಿಮೆ ನೀಟಾಗಬೇಕು, ಮಡಿಸಿಕೊಂಡೇ ತುಳಿದರೆ ಭಾರವೆಲ್ಲ ಮೊಣಕಾಲಿಗೆ ಬೀಳುತ್ತದೆ ಎಂಬುದು ಅವರ ವಿವರಣೆ. ವಾರದಲ್ಲಿ ನೋವು ಹೋಯಿತು. ಕೂಲಿ ಕೇಳಲಿಲ್ಲ. ಆದ್ದರಿಂದ ಇದು ಖರ್ಚಿನ ಕಾಲಂನಲ್ಲಿ ಇಲ್ಲ.

ಗಾಳಿಯ ಲೆಕ್ಕವನ್ನೂ ಇವರು ಕಲಿತದ್ದು ತುಳಿದ ಮೇಲೆಯೇ. ಜೂನ್-ಜುಲೈನಲ್ಲಿ ಪಡುವಣ ಗಾಳಿ ಜೋರು. ಬೆಳಿಗ್ಗೆ ಊರಿಗೆ ಬರುವಾಗ ಅದು ಬೆನ್ನು ತಳ್ಳುತ್ತದೆ. ಸಂಜೆ ಹರಿಹರದ ದಿಕ್ಕಿಗೆ ಹೋಗುವಾಗ ಎದೆಗೆ ಒದೆಯುತ್ತದೆ. ಮಿಕ್ಕ ದಿನ 38 ನಿಮಿಷದ ದಾರಿ ಆಷಾಢದಲ್ಲಿ 50 ನಿಮಿಷ ಹಿಡಿಯುತ್ತದೆ.

ಕಿರ್ದಿ ಏನು ಹೇಳುತ್ತದೆ?

ಜನವರಿ 6ರಿಂದ ಡಿಸೆಂಬರ್ 31ರವರೆಗೆ ಭಾನುವಾರ ಬಿಟ್ಟು 309 ದಿನ. ಅದರಲ್ಲಿ ಹಬ್ಬದ ರಜೆ 8, ಜಡಿಮಳೆ-ಜ್ವರಕ್ಕೆ ಹೋದದ್ದು 6, ಮನೆಯಲ್ಲಿ ಮಲಗಿದ್ದು 20, ಹೆದರಿ ಬಸ್ಸು ಹತ್ತಿದ್ದು 12. ಉಳಿದ 263 ದಿನ ಸೈಕಲ್ಲು. ದಿನಕ್ಕೆ 16 ಕಿಲೋಮೀಟರಿನಂತೆ 4,208 ಕಿಲೋಮೀಟರ್.

ಜಮಾ ಕಡೆಗೆ ಬಸ್ಸಿನ ದುಡ್ಡು ಉಳಿದದ್ದು 7,890 ರೂಪಾಯಿ. ಖರ್ಚಿನ ಕಡೆಗೆ ಜನವರಿಯ ರಿಪೇರಿ 1,900. ಹನ್ನೊಂದು ಪಂಕ್ಚರಿಗೆ 330. ಮೂರು ಜೊತೆ ಬ್ರೇಕ್ ರಬ್ಬರಿಗೆ 180. ಗ್ರೀಸು, ಎಣ್ಣೆಗೆ 300. ಸೀಟ್ ಕವರಿಗೆ 80. ಗಾಳಿ ಪಂಪಿಗೆ 250. ಒಟ್ಟು 3,040. ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಲಾಭವೇ. ಆದರೆ ಮನೆಯ ಆಡಿಟರು ಸುಮ್ಮನಿರಬೇಕಲ್ಲ!

"ಸಂಜೆ ದಾರಿಯಾಗೆ ಇಳಿದು ಚಾ ಕುಡಿತೀರಲ್ರೀ, ಅದು ಯಾರ ಲೆಕ್ಕ?" ಎಂದು ಹೆಂಡತಿ ಕೇಳಿದರು. ಬಸ್ಸಿಗೆ ಕಾಯುವಾಗಲೂ ಕುಡಿಯುತ್ತಿದ್ದೆ ಎಂಬ ವಾದ ನಡೆಯಲಿಲ್ಲ. ದಿನಕ್ಕೆ ಹತ್ತರಂತೆ 2,630 ರೂಪಾಯಿ ಖರ್ಚಿಗೆ ಸೇರಿತು. ಆಗಲೂ 2,220 ಶಿಲ್ಕು ಉಳಿಯುತ್ತಿತ್ತು.

ಅದನ್ನು ನುಂಗಿದ್ದು ಅಕ್ಟೋಬರ್ ತಿಂಗಳ ಒಂದು ರಾತ್ರಿ.

ಒಂದು ಕೆಂಪು ದೀಪ ಇಲ್ಲದ್ದಕ್ಕೆ

ದೀಪಾವಳಿಗೆ ಒಂದು ವಾರ ಬಾಕಿ. ಪೇಟೆಯಲ್ಲಿ ಗಿರಾಕಿಗಳ ನೂಕುನುಗ್ಗಲು. ಲೆಕ್ಕ ಮುಗಿಸಿ ಗುಮಾಸ್ತರು ಅಂಗಡಿ ಬಿಟ್ಟಾಗ ಒಂಬತ್ತೂವರೆ. ದೊಡ್ಡ ರಸ್ತೆ ಮುಗಿಸಿ ಊರ ಕಡೆಗೆ ತಿರುಗಿದ್ದರು. ಕತ್ತಲು. ಹಿಂದಿನಿಂದ ಬಂದ ಮಿನಿ ಲಾರಿ ಹ್ಯಾಂಡಲಿಗೆ ಸವರಿಕೊಂಡು ಹೋಯಿತು. ಗುಮಾಸ್ತರು ಟಾರಿನ ಅಂಚಿನಿಂದ ಕೆಳಗಿನ ಜಲ್ಲಿಗೆ ಬಿದ್ದರು. ಲಾರಿ ಮುಂದೆ ಹೋಗಿ ನಿಂತಿತು. ಡ್ರೈವರು ಓಡಿಬಂದು ಎತ್ತಿದ. "ಯಜಮಾನ್ರೇ, ನೀವು ಕಾಣಲೇ ಇಲ್ರೀ" ಎಂದು ಕೈಮುಗಿದ. ಅವನೇ ಆಸ್ಪತ್ರೆಗೂ ಕರೆದುಕೊಂಡು ಹೋದ.

ಆ ಹುಡುಗ ಸುಳ್ಳು ಹೇಳಲಿಲ್ಲ ಎಂಬುದೇ ಗುಮಾಸ್ತರ ಅಭಿಪ್ರಾಯ. ಸೈಕಲ್ಲಿನ ಹಿಂದೆ ದೀಪವಿರಲಿಲ್ಲ. ಮಡ್ಗಾರ್ಡಿನ ಕೆಂಪು ಬಿಲ್ಲೆ ಒಡೆದು ಎಷ್ಟು ಕಾಲವಾಗಿತ್ತೋ! ಮೈಮೇಲಿನ ಅಂಗಿಯೂ ಕಂದು ಬಣ್ಣದ್ದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದಕ್ಕೆ ಬರುತ್ತದೆ. ಸೈಕಲ್ಲು 30 ಮೀಟರಿನಲ್ಲಿ ಕಂಡರೆ ಡ್ರೈವರನಿಗೆ ಸಿಗುವುದು ಎರಡು ಸೆಕೆಂಡೂ ಅಲ್ಲ. ಅಷ್ಟರಲ್ಲಿ ಅವನು ನೋಡಬೇಕು, ತಿಳಿಯಬೇಕು, ಬ್ರೇಕು ಒತ್ತಬೇಕು.

ಹಳಬರಿಗೆ ಇಲ್ಲೊಂದು ಮಾತು ನೆನಪಾದೀತು. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಪಾಳಿ ಬಿಟ್ಟರೆ ದಾವಣಗೆರೆ ರಸ್ತೆಯ ತುಂಬ ಸೈಕಲ್ಲೇ ಸೈಕಲ್ಲು. ಆಗ ಸೈಕಲ್ಲಿಗೆ ಮುನಿಸಿಪಾಲಿಟಿ ಬಿಲ್ಲೆ ಇರಬೇಕಿತ್ತು, ರಾತ್ರಿಯಾದರೆ ದೀಪ ಇರಬೇಕಿತ್ತು. ಡಬಲ್ ರೈಡ್ ಹೊರಟವರನ್ನೂ ದೀಪವಿಲ್ಲದವರನ್ನೂ ಪೊಲೀಸಿನವರು ಹಿಡಿದು ನಿಲ್ಲಿಸಿ, ಒಮ್ಮೊಮ್ಮೆ ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದರು. ಬೈದುಕೊಂಡೇ ಮನೆಗೆ ತಳ್ಳಿಕೊಂಡು ಹೋಗುತ್ತಿದ್ದರು ಜನ. ಈಗ ಬಿಲ್ಲೆಯೂ ಇಲ್ಲ, ಹಿಡಿಯುವವರೂ ಇಲ್ಲ. ರಸ್ತೆಯಲ್ಲಿ ಗಾಡಿಗಳು ಮಾತ್ರ ಹತ್ತು ಪಟ್ಟು. ದೀಪ ಬೇಕಾದ ಕಾಲ ಅದೋ ಇದೋ ಎಂಬುದನ್ನು ಓದುಗರೇ ಹೇಳಬೇಕು.

ಎಲುಬು ಮುರಿಯಲಿಲ್ಲ ಎಂಬುದೇ ಪುಣ್ಯ. ಭುಜಕ್ಕೆ ಪೆಟ್ಟು. ಫೋಟೋ, ಪಟ್ಟಿ, ಔಷಧಿ ಎಂದು 2,750 ರೂಪಾಯಿ. ಕೆಲಸದ 20 ದಿನ ಮನೆಯಲ್ಲಿ. ಸಾವ್ಕಾರ್ರು ಸಂಬಳ ಹಿಡಿಯಲಿಲ್ಲ. ಆದರೆ ವರ್ಷದಲ್ಲೇ ದೊಡ್ಡ ಹಬ್ಬದ ವ್ಯಾಪಾರದಲ್ಲಿ ಲೆಕ್ಕ ಬರೆಯುವ ಕೈ ಇಲ್ಲದೆ ಪೇಚಾಡಿದವರು ಅವರೇ. "ಏನಪ್ಪಾ, ದಿನಕ್ಕೆ ಮೂವತ್ತು ರೂಪಾಯಿ ನಾನೇ ಕೊಡ್ತೀನಿ, ಬಸ್ಸಿಗೆ ಬಾ" ಎಂದರು. ಹೆಂಡತಿಯಂತೂ ಸೈಕಲ್ಲಿನ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು.

ಹನ್ನೆರಡು ದಿನ ಗುಮಾಸ್ತರು ಬಸ್ಸಿನಲ್ಲೇ ಓಡಾಡಿದರು. ಕಾಯುವುದು, ಜೋತು ಬೀಳುವುದು, ಇಳಿದು ನಡೆಯುವುದು ಎಲ್ಲ ಸೇರಿ ಒಂದು ಬದಿಗೆ ಮುಕ್ಕಾಲು ಗಂಟೆ. ವರ್ಷದ ಮೊದಲಿಗೆ ಅಂಗಡಿಯ ಅಟ್ಟ ಹತ್ತಿದರೆ ಏದುಸಿರು ಬರುತ್ತಿತ್ತು, ಸೆಪ್ಟೆಂಬರಿನ ಹೊತ್ತಿಗೆ ಅದು ಹೋಗಿತ್ತು. ದೊಡ್ಡವರಿಗೆ ವಾರಕ್ಕೆ ಕಡಿಮೆಯೆಂದರೂ 150 ನಿಮಿಷ ಮೈ ದಣಿಸುವ ಕೆಲಸ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವರು ಅಂಗಡಿಗೆ ಹೋಗಿ ಬರುವುದರಲ್ಲೇ ಏಳು ಗಂಟೆಗೂ ಮೇಲೆ ದಣಿಯುತ್ತಿದ್ದರು. "ಬಿದ್ದಿದ್ದು ತುಳಿದಿದ್ದಕ್ಕಲ್ಲ, ಕತ್ತಲಾಗೆ ಕಾಣದಂಗೆ ತುಳಿದಿದ್ದಕ್ಕೆ" ಎಂದು ಮನೆಯಲ್ಲಿ ಒಪ್ಪಿಸಲು ಅವರಿಗೆ ಆ ಹನ್ನೆರಡು ದಿನವೂ ಬೇಕಾಯಿತು.

ಕೊನೆಗೆ ರಾಜಿಯಾಯಿತು. ಹಿಂದಕ್ಕೊಂದು ಬ್ಯಾಟರಿ ಕೆಂಪು ದೀಪ, ಮುಂದಕ್ಕೊಂದು ಬಿಳಿ ದೀಪ, ಮಡ್ಗಾರ್ಡಿಗೆ ಮಿಂಚುವ ಪಟ್ಟಿ. ಎಲ್ಲ ಸೇರಿ 350 ರೂಪಾಯಿ. ದಿನಾ ಬೆಳಿಗ್ಗೆ ಎರಡೂ ದೀಪ ಹತ್ತಿಸಿ ತೋರಿಸಿದ ಮೇಲೆಯೇ ಹೆಂಡತಿಯ ಸೆರಗಿನ ಗಂಟು ಬಿಚ್ಚುವುದು. ಆಸ್ಪತ್ರೆ 2,750, ದೀಪ 350, ಸೇರಿ 3,100. ಶಿಲ್ಕಿನಲ್ಲಿದ್ದ 2,220 ಹೋಗಿ ಮೇಲೆ 880 ನಷ್ಟ. ಜನವರಿಯಲ್ಲೇ 350 ಖರ್ಚು ಮಾಡಿದ್ದರೆ ಎಂಬ ಪ್ರಶ್ನೆಗೆ ಕಿರ್ದಿಯಲ್ಲಿ ಕಾಲಂ ಇಲ್ಲ.

2026ರ ಸಂಕಲ್ಪಗಳು

ಹೊಸ ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಅಂತಾರೇನೋ ಎಂದು ಪೇಟೆಯ ಗೆಳೆಯರು ಕಾದಿದ್ದರು. ಗುಮಾಸ್ತರು ಅದನ್ನು ಬರೆಯಲಿಲ್ಲ. ಪುಸ್ತಕದ ಹೊಸ ಹಾಳೆಯಲ್ಲಿ ಇರುವುದು ಐದೇ ಸಾಲು.

ಒಂದು, 280 ದಿನ. ಅದಕ್ಕಿಂತ ಹೆಚ್ಚು ಬೇಡ. ಜಡಿಮಳೆ, ಜ್ವರ ಇದ್ದ ದಿನ ಬಸ್ಸು ಹತ್ತುವುದು ಸೋಲಲ್ಲ.

ಎರಡು, ಸಂಜೆ ಏಳಕ್ಕೆ ಅಂಗಡಿ ಬಿಡುವುದು. ಇದಕ್ಕೆ ಬದಲಾಗಿ ಬೆಳಿಗ್ಗೆ ಒಂದು ಗಂಟೆ ಮುಂಚೆ ಬಂದು ಲೆಕ್ಕಕ್ಕೆ ಕೂರುತ್ತಾರೆ. ಸಾವ್ಕಾರ್ರು ಒಪ್ಪಿದ್ದಾರೆ. ಹಬ್ಬದ ಮುಂಚಿನ ಎರಡು ವಾರ ಹೊತ್ತಾಗುವುದು ತಪ್ಪದು, ಆ ದಿನಗಳಲ್ಲಿ ಸೈಕಲ್ಲು ಮನೆಯಲ್ಲೇ.

ಮೂರು, ಪಂಕ್ಚರ್ ಹಾಕುವುದನ್ನು ಕಲಿಯುವುದು. ಪಂಕ್ಚರ್ ಅಂಗಡಿಯ ಹಿರಿಯರಿಗೂ ವಯಸ್ಸಾಯಿತು, ಮಕ್ಕಳು ಆ ಕೆಲಸಕ್ಕೆ ಬಂದಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಗಳು ಮುಚ್ಚಿ ಕಾಲವಾಯಿತು. ಅಟ್ಲಾಸ್‌ನಂಥ ಕಂಪನಿಯೇ ಸಾಹಿಬಾಬಾದಿನ ಕಾರ್ಖಾನೆಯನ್ನು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ ನಿಲ್ಲಿಸಿತು. ಹೀಗಿರುವಾಗ ತುಳಿಯುವವನೇ ಕೈ ಮಸಿ ಮಾಡಿಕೊಳ್ಳಬೇಕು ಎಂಬುದು ಲೆಕ್ಕಾಚಾರ.

ನಾಲ್ಕು, ಪ್ರತಿ ಶನಿವಾರ ಗಾಳಿ, ಬ್ರೇಕು, ಚೈನು, ದೀಪ ನೋಡುವುದು. ಗಾಳಿ ಇಳಿದ ಟೈರು ತುಳಿತಕ್ಕೂ ಭಾರ, ಬೇಗ ಸವೆಯುವುದೂ ಅದೇ.

ಐದು, ಜೊತೆ. ಅದೇ ದಾರಿಯಿಂದ ಬರುವ ಇಬ್ಬರು ಪೇಟೆಯ ನೌಕರರು ಸೈಕಲ್ ತೆಗೆಯುವ ಮಾತಾಡಿದ್ದಾರೆ. ಕತ್ತಲಲ್ಲಿ ಒಂದು ದೀಪಕ್ಕಿಂತ ಮೂರು ದೀಪ ದೂರಕ್ಕೆ ಕಾಣುತ್ತದೆ.

ಈ ಪ್ರಕಾರ ನಡೆದರೆ ಬಸ್ಸಿನ ದುಡ್ಡು 8,400 ಉಳಿದೀತು. ಚಹಾಕ್ಕೆ 2,800, ರಿಪೇರಿಗೆ 1,500, ಹಳೆಯ ನಷ್ಟ 880 ಕಳೆದರೆ 3,220 ರೂಪಾಯಿ ಶಿಲ್ಕು. ಅದನ್ನೇನು ಮಾಡುವುದು ಎಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಸೈಕಲ್ ತುಳಿಯುವವರು ಪೇಟೆಯಲ್ಲಿ ಇವರೊಬ್ಬರೇ ಅಲ್ಲ. ಹಾಲು ಹಾಕುವವರು, ಪೇಪರ್ ಹುಡುಗರು, ಮಂಡಕ್ಕಿ ಮಾರುವವರು, ರಾತ್ರಿ ಪಾಳಿ ಕಾವಲುಗಾರರು ಎಲ್ಲರೂ ಇದೇ ಕತ್ತಲಲ್ಲಿ ಹೋಗಿ ಬರುವವರೇ. ಅಂಗಡಿ ಮಾಲೀಕರು ತಮ್ಮಲ್ಲಿ ದುಡಿಯುವ ಇಂಥವರ ಸೈಕಲ್ಲಿಗೆ ಬಾಗಿಲ ಮುಂದೆ ಮೂರಡಿ ಜಾಗ ಬಿಟ್ಟು, ಹಿಂದಕ್ಕೊಂದು ಕೆಂಪು ದೀಪ ಕೊಡಿಸಿದರೆ ಆಗುವ ಖರ್ಚು ಒಂದು ಮೂಟೆ ಸಕ್ಕರೆಯ ಕಾಲು ಭಾಗವೂ ಅಲ್ಲ. ಗಾಡಿ ಓಡಿಸುವವರು ಸೈಕಲ್ ಪಕ್ಕ ಬಂದಾಗ ಎರಡು ಮಾರು ಸರಿದು ಹೋದರೆ ಅದಕ್ಕೆ ಖರ್ಚೇ ಇಲ್ಲ. ಸಂಬಂಧಪಟ್ಟವರು ಟಾರಿನ ಅಂಚಿಗೆ ಮಣ್ಣು ತುಂಬಿಸಿ, ಕೆಟ್ಟ ಬೀದಿದೀಪ ಹತ್ತಿಸುವುದಕ್ಕೂ ಯಾರಾದರೂ ಜಲ್ಲಿಗೆ ಬೀಳುವವರೆಗೆ ಕಾಯಬೇಕಿಲ್ಲ.

ಗುಮಾಸ್ತರ ಹೊಸ ಕಿರ್ದಿಯಲ್ಲಿ ಜನವರಿಯ ಮೊದಲ ವಾರ ಆರು ದಿನಕ್ಕೆ ಆರು ಗೀಟು ಬಿದ್ದಿವೆ. ಖರ್ಚಿನ ಕಾಲಂನಲ್ಲಿ ಸದ್ಯಕ್ಕೆ ಚಹಾ ಮಾತ್ರ.